ನೋವೇ ಇಲ್ಲದ ಎಮ್ಮೆಕರು

9 ಜನವರಿ, ಗುರುವಾರ

ಇವತ್ತು ಅಪ್ಪ ನಕ್ಕರು. ಬರೆದಿಡದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಬಾಯಿಂದ ಬರುವುದು "ತಾ" ಎನ್ನುವ ಒಂದೇ ಸದ್ದು. ನೀರಿಗೂ ತಾ, ನೋವಿಗೂ ತಾ, ಸಿಟ್ಟಿಗೂ ತಾ. ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಗಂಟಲು ಅದು. ಅಪ್ಪ ಕೂಗಿದರೆ ರಸ್ತೆಯಾಚೆಯ ಕ್ಷೌರದಂಗಡಿಯವನಿಗೂ ಆಲೂಗಡ್ಡೆಯ ದರ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಲೆ ಮಾತ್ರ ನೆಟ್ಟಗೆ ಉಳಿಯಿತು. ಅದೂ ಹೋಗಿದ್ದರೆ ಇಷ್ಟು ಸಂಕಟಪಡುತ್ತಿರಲಿಲ್ಲವೇನೋ.

ಮಾತು ಹೋದವರಿಗೆ ಮತ್ತೆ ಕಲಿಸುವ ಕೇಂದ್ರವೊಂದಿದೆ. ಅಲ್ಲಿನವರನ್ನು ಎಲ್ಲರೂ ಮಾತಿನ ಟೀಚರ್ ಅಂತಲೇ ಕರೆಯುವುದು. ಅವರು ಒಂದು ಚಿತ್ರದ ಹಲಗೆ ಕೊಟ್ಟಿದ್ದರು. ಅದರ ತುಂಬ ಕಣ್ಣುಮೂಗಿಲ್ಲದ ಕಪ್ಪು ಮನುಷ್ಯ: ಕುಡಿಯುವ ಮನುಷ್ಯ, ಮಲಗುವ ಮನುಷ್ಯ. ಬೇಕಾದ್ದನ್ನು ಮುಟ್ಟಿ ತೋರಿಸಬೇಕು. ಅಪ್ಪ ಎಡಗೈಯಲ್ಲಿ ಅದನ್ನು ಬೀಸಿ ಒಗೆದರು. ನನಗೂ ಆ ಮುಖಗೇಡಿಯನ್ನು ಕಂಡರೆ ಆಗುವುದಿಲ್ಲ.

ಇವತ್ತು ಟೀವಿಯಲ್ಲಿ ಗುಡಾಣಿ ಬರುತ್ತಿತ್ತು. ಮಕ್ಕಳ ಕಾರ್ಟೂನು. ನೀಲಿ ಬಣ್ಣದ ಎಮ್ಮೆಕರು, ತಲೆಗೆ ಸಿಕ್ಕಿಕೊಂಡ ಹಳದಿ ಬಕೆಟ್ಟು. ಅದು ಮಾತಾಡುವುದೇ ಇಲ್ಲ. ನಡೆಯುತ್ತದೆ, ಬಕೆಟ್ಟು ಕಣ್ಣಿಗೆ ಇಳಿಯುತ್ತದೆ, ದಬಕ್ಕನೆ ಬೀಳುತ್ತದೆ. ಅಪ್ಪ ನಕ್ಕರು. ಹೊಟ್ಟೆ ಕುಲುಕುವ ಹಾಗೆ ನಕ್ಕರು.

ನನಗೆ ಏನನ್ನಿಸಿತೋ, ಕೈಗೆ ಸಿಕ್ಕ ರಟ್ಟಿನ ಹಿಂದೆ ಲೋಟದಲ್ಲಿ ನೀರು ಕುಡಿಯುವ ಗುಡಾಣಿಯನ್ನು ಬರೆದೆ. ಪ್ರೆಸ್ಸಿನಲ್ಲಿ ನನ್ನ ಕೆಲಸವೇ ಲೇಬಲ್ಲು ಮಾಡುವುದು, ಬಿಸ್ಕತ್ತಿನ ಹೊದಿಕೆಯ ಮೇಲೆ ದಿನಾ ಇದೇ ಗುಡಾಣಿಯನ್ನು ಕೂರಿಸುತ್ತೇನೆ. ಅದರ ಮೂತಿ ನನ್ನ ಬೆರಳಿಗೆ ಬಾಯಿಪಾಠ. ಅಪ್ಪ ನೋಡಿದರು. ಆಮೇಲೆ ಎಡ ಅಂಗೈಯನ್ನು ಪಟ್ಟನೆ ಅದರ ಮೇಲೆ ಬಡಿದರು.

ಮಂಡಿಯಲ್ಲಿ ವ್ಯಾಪಾರ ಕುದುರಿದಾಗ ಮೂಟೆಯ ಮೇಲೆ ಹಾಗೇ ಬಡಿಯುತ್ತಿದ್ದರು. ಅಂಗೈ ಬಿತ್ತೆಂದರೆ ಮುಗಿಯಿತು, ಆ ಮೂಟೆಯನ್ನು ಯಾರೂ ಮತ್ತೆ ಕೂಗುವ ಹಾಗಿಲ್ಲ. ನೀರು ಕೊಟ್ಟೆ. ಗಟಗಟ ಕುಡಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

18 ಜನವರಿ, ಶನಿವಾರ

ಗುಡಾಣಿ ಬರೆದ ಚೀಟಿಗಳು ಒಂದು ಡಬ್ಬಿಯಷ್ಟಾಗಿವೆ. ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿದ್ದೇನೆ. ಚಳಿಗೆ ನಡುಗುವ ಗುಡಾಣಿ, ಕಕ್ಕಸಿಗೆ ಓಡುವ ಗುಡಾಣಿ, ತಲೆನೋವು, ಹೊಟ್ಟೆನೋವು, ಎದೆನೋವು, ಬೆನ್ನು ಕೆರೆ, ದಿಂಬು ಸರಿಮಾಡು. ಅಪ್ಪನ ಅಕ್ಕರೆಯ ತಂಗಿ, ನನ್ನ ಸೋದರತ್ತೆ, ನಾನು ಕೆಲಸಕ್ಕೆ ಹೋದಾಗ ಅಪ್ಪನನ್ನು ನೋಡಿಕೊಳ್ಳಲು ಬರುತ್ತಾರೆ. ಅವರಿಗಾಗಿಯೇ ಒಂದು ಚೀಟಿ ಇದೆ: ಕಿವಿಗೆ ಹತ್ತಿ ತುರುಕಿಕೊಂಡ ಗುಡಾಣಿ. ಬಂದ ಅರ್ಧ ಗಂಟೆಯೊಳಗೆ ಅಪ್ಪ ಅದರ ಮೇಲೆ ಅಂಗೈ ಬಡಿದರು.

"ಅಲ್ಲಣ್ಣಾ, ನನ್ನ ಬಾಯಿ ಮುಚ್ಚಿಸೋಕೆ ನಿಂಗೆ ಎಮ್ಮೆಕರು ಬೇಕಾಯ್ತಾ?" ಅಂತ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಜಗಳ ಆಡಿ ಎಷ್ಟು ದಿನವಾಗಿತ್ತೋ ಇಬ್ಬರೂ.

ಪ್ರತಿ ಚೀಟಿಯ ಮೂಲೆಯಲ್ಲಿ ನನ್ನ ಗುರುತು ಹಾಕಿದ್ದೇನೆ, ಒಂದು ಕೊಕ್ಕೆ, ಎರಡು ಚುಕ್ಕಿ. ನಾನು ಚಿಕ್ಕವಳಿದ್ದಾಗ ಅಪ್ಪನೇ ಕೊಟ್ಟ ಗುರುತು. ಮಂಡಿಯಲ್ಲಿ ಪ್ರತಿ ಮೂಟೆಗೂ ಸೀಮೆಸುಣ್ಣದಲ್ಲಿ ಅದರ ಒಡೆಯನ ಗುರುತಿರುತ್ತಿತ್ತು. ಕೊಳೆತ ಸರಕಾದರೆ ಅಪ್ಪನೇ ಒಂದು ಸೊನ್ನೆ ಬರೆದು ಅದರೊಳಗೆ ಅಡ್ಡಗೀಟು ಎಳೆಯುತ್ತಿದ್ದರು. "ಗುರುತಿಲ್ಲದ ಮೂಟೆ ಅನಾಥ ಕಣೇ, ಯಾರು ಬೇಕಾದ್ರೂ ಹೊತ್ಕೊಂಡು ಹೋಗ್ತಾರೆ" ಅನ್ನುತ್ತಿದ್ದರು.

3 ಫೆಬ್ರವರಿ, ಸೋಮವಾರ

ಮಾತಿನ ಟೀಚರ್ ಡಬ್ಬಿಯನ್ನು ನೋಡಿ ಕೂತಲ್ಲೇ ಕೂತುಬಿಟ್ಟರು.

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ನನ್ನ ಹತ್ರ ಬರೋರೆಲ್ಲ ಆ ಕಪ್ಪು ಮನುಷ್ಯನ ಮುಖ ನೋಡಿ ಮುಖ ತಿರುಗಿಸ್ತಾರೆ. ಒಂದು ಸೆಟ್ ಮಾಡಿಸ್ಕೊಳ್ಲಾ?"

"ಗುಡಾಣಿ ನಮ್ಮದಲ್ವಲ್ಲ ಮೇಡಂ. ಪರವಾಗಿಲ್ವಾ?" ಅಂದೆ. ಸುಮ್ಮನೆ ಬಾಯಿಮಾತಿಗೆ ಅಂದಿದ್ದು. ಒಳಗೊಳಗೆ ಉಬ್ಬಿಹೋಗಿದ್ದೆ.

"ನಾವೇನು ದುಡ್ಡು ತಗೊಳ್ತಿದೀವಾ? ಬರ್ದಿರೋದು ನಿಮ್ಮ ಕೈ. ಒಳ್ಳೇ ಕೆಲಸಕ್ಕೆ ಯಾರ್ರೀ ಬಂದು ಕೇಳ್ತಾರೆ?"

ಅಲ್ಲೇ ಒಬ್ಬ ಹೆಂಗಸಿದ್ದರು. ಬಟ್ಟೆ ಹೊಲಿಯುತ್ತಿದ್ದವರಂತೆ, ಕೇಂದ್ರದಲ್ಲಿ ಅವರ ಹೆಸರೇ ಟೈಲರಮ್ಮ. ಅವರಿಗೆ ಸದ್ದೂ ಇಲ್ಲ. ಮೇಜಿನ ಮೇಲೆ ಹರಡಿದ್ದ ಚೀಟಿಗಳಲ್ಲಿ ಬೆನ್ನು ಕೆರೆಯುವ ಗುಡಾಣಿಯನ್ನು ಎತ್ತಿಕೊಂಡು ನನ್ನ ಕಡೆ ಬೆನ್ನು ತಿರುಗಿಸಿದರು. ಕೆರೆದೆ. ಎಷ್ಟು ಕಾಲದಿಂದ ತುರಿಸುತ್ತಿತ್ತೋ ಪಾಪ, ಕಣ್ಣು ಮುಚ್ಚಿ ಉಸಿರು ಬಿಟ್ಟರು.

21 ಫೆಬ್ರವರಿ, ಶುಕ್ರವಾರ

ಟೀಚರ್ ಚೀಟಿಗಳನ್ನೆಲ್ಲ ಕೇಂದ್ರದ ವೆಬ್‌ಸೈಟಿಗೆ ಹಾಕಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ ಅಂತ. ಕೆಳಗೆ ನನ್ನ ಹೆಸರು, ಕೃತಜ್ಞತೆ. ಎಲ್ಲೆಲ್ಲಿಂದಲೋ ಜನ ಬರೆಯುತ್ತಿದ್ದಾರೆ. ಇನ್ನೊಂದು ಊರಿನ ಹುಡುಗಿಯೊಬ್ಬಳು, ತನ್ನ ಅಜ್ಜ ಹೊಟ್ಟೆನೋವಿನ ಗುಡಾಣಿಯನ್ನು ತೋರಿಸಿದ್ದರಿಂದಲೇ ಸಮಯಕ್ಕೆ ಡಾಕ್ಟರ ಹತ್ತಿರ ಹೋದೆವು ಅಂತ ಬರೆದಿದ್ದಾಳೆ. ಅಪ್ಪನಿಗೆ ಓದಿ ಹೇಳಿದೆ. ನನ್ನ ಗುರುತಿನ ಮೇಲೆ ಅಂಗೈ ಬಡಿದರು. ನನ್ನ ಕಾಲು ನೆಲದ ಮೇಲಿಲ್ಲ.

4 ಮಾರ್ಚ್, ಮಂಗಳವಾರ

ನೆಲಕ್ಕೆ ಬಿದ್ದೆ.

ಯಾವನೋ ಪುಣ್ಯಾತ್ಮ ಚೀಟಿಗಳನ್ನು ಇಳಿಸಿಕೊಂಡು ಕಾಫಿ ಕಪ್ಪಿನ ಮೇಲೆ, ಚೀಲದ ಮೇಲೆ ಅಚ್ಚುಹಾಕಿ ಮಾರಿದ್ದಾನೆ. ತಲೆನೋವಿನ ಗುಡಾಣಿಯ ಕೆಳಗೆ "ಇವತ್ತು ಸೋಮವಾರ" ಅಂತ ಬರೆದಿದ್ದಾನೆ. ಮೂಲೆಯಲ್ಲಿದ್ದ ನನ್ನ ಗುರುತನ್ನು ಅಳಿಸುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ಗುಡಾಣಿಯ ಕಂಪನಿಯವರು ಆ ಕಪ್ಪಿನ ಜಾಡು ಹಿಡಿದು ಕೇಂದ್ರದ ತನಕ ಬಂದಿದ್ದಾರೆ. ಕೇಂದ್ರಕ್ಕೊಂದು ನೋಟಿಸು, ನನಗೊಂದು. ಅನುಮತಿಯಿಲ್ಲದೆ ನಕಲು ಮಾಡಿದ್ದೀರಿ, ಹಂಚಿದ್ದೀರಿ, ಮೇಲಾಗಿ ನಿಮ್ಮದೇ ಗುರುತು ಹಾಕಿಕೊಂಡಿದ್ದೀರಿ. ಎಲ್ಲ ಪ್ರತಿಗಳನ್ನೂ ನಾಶಪಡಿಸಿ ಲಿಖಿತವಾಗಿ ತಿಳಿಸತಕ್ಕದ್ದು.

ಕೊನೆಯ ಸಾಲನ್ನು ಮತ್ತೆ ಓದಿದೆ. ಬೇರೆಯವರ ಮೂಟೆಗೆ ನನ್ನ ಗುರುತು ಹಾಕಿದ್ದೇನೆ. ಮಂಡಿಯಲ್ಲಾದರೆ ಅದಕ್ಕೆ ಕಳ್ಳತನ ಅನ್ನುತ್ತಾರೆ. ಇಷ್ಟು ಸಣ್ಣ ವಿಷಯ, ಅಪ್ಪನ ಮಗಳಾಗಿ, ನನ್ನ ತಲೆಗೆ ಹೊಳೆಯಲಿಲ್ಲವಲ್ಲ.

5 ಮಾರ್ಚ್, ಬುಧವಾರ

ಪ್ರೆಸ್ಸಿನ ಯಜಮಾನರಿಗೂ ಗೊತ್ತಾಗಿದೆ. ಬಾಗಿಲು ಹಾಕಿಕೊಂಡು ಮಾತಾಡಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ನೋಡಮ್ಮ, ಬಿಸ್ಕತ್ತಿನ ಆರ್ಡರು ಬರ್ತಿರೋದೇ ಆ ಕಂಪನಿ ಒಪ್ಪಿಗೆ ಮೇಲೆ. ಅವ್ರು ಕೊಟ್ಟ ಗುಡಾಣಿನ ನಾವು ಹಾಕ್ತೀವಿ, ಒಂದು ಕೂದಲೆಳೆ ಆಚೀಚೆ ಮಾಡೋ ಹಾಗಿಲ್ಲ. ನಮ್ಮ ಪ್ರೆಸ್ಸಿನ ಹೆಣ್ಣುಮಗಳೇ ಹಿಂಗೆ ಮಾಡಿದಾಳೆ ಅಂತ ಅವ್ರ ಕಿವಿಗೆ ಬಿದ್ರೆ ನಾನೂ ಇಲ್ಲ, ನೀನೂ ಇಲ್ಲ. ಮನೇಲಿ ಒಂದು ಚೂರೂ ಇರಬಾರ್ದು. ತಿಳೀತಾ?"

ತಿಳಿಯಿತು ಸಾರ್ ಅಂದೆ. ಆಮೇಲೆ ಸಂಜೆಯವರೆಗೂ ಕೂತು ಬಿಸ್ಕತ್ತಿನ ಹೊದಿಕೆಯ ಮೇಲೆ ಗುಡಾಣಿಯ ಬಕೆಟ್ಟಿಗೆ ಹಳದಿ ತುಂಬಿದೆ.

6 ಮಾರ್ಚ್, ಗುರುವಾರ

ಮಾಡಿಬಿಟ್ಟೆ.

ಅಪ್ಪನನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ, ಅದಕ್ಕೆ ಅವರ ಎದುರಿಗೇ ಕೂತು ಕತ್ತರಿಸಿದೆ. ಪ್ಲಾಸ್ಟಿಕ್ ಹೊದಿಸಿದ್ದು ನಾನೇ ತಾನೆ, ಹರಿಯುವುದಿಲ್ಲ. ದೊಡ್ಡ ಕತ್ತರಿ ಬೇಕಾಯಿತು. ಮೊದಲು ಬಕೆಟ್ಟು, ಆಮೇಲೆ ಮೂತಿ. ಅಪ್ಪ "ತಾ" ಅಂದರು. ಮತ್ತೆ "ತಾ, ತಾ." ನೀರಿನ ಗುಡಾಣಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡೆ. ಬರಿ ಎಡಗೈಯ ಬಲ, ಎಷ್ಟಿದ್ದೀತು.

ನನ್ನ ಜನ್ಮಕ್ಕಿಷ್ಟು.

7 ಮಾರ್ಚ್, ಶುಕ್ರವಾರ

ಕೇಂದ್ರದ ಗೋಡೆ ಬೋಳಾಗಿದೆ. ಕಪ್ಪು ಮನುಷ್ಯ ವಾಪಸು ಬಂದಿದ್ದಾನೆ. ಟೀಚರ್ ಕಣ್ಣು ಕೆಂಪಾಗಿತ್ತು. ಟೈಲರಮ್ಮ ನನ್ನನ್ನು ಕಂಡವರೇ ಬೆನ್ನು ತಿರುಗಿಸಿ ನಿಂತರು, ಕೆರೆಯಲಿ ಅಂತಿರಬೇಕು ಅಂದುಕೊಂಡೆ. ಕೆರೆದೆ. ಅವರು ಕೇಳಿದ್ದು ಅದಲ್ಲ. ತಲೆ ಅಲ್ಲಾಡಿಸಿದರು. ಏನು ಬೇಕಿತ್ತೋ ತಿಳಿಯಲೇ ಇಲ್ಲ.

14 ಮಾರ್ಚ್, ಶುಕ್ರವಾರ

ಟೀಚರ್ ಜೊತೆ ವಕೀಲರ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ, ಮಾತು ನೇರ.

"ಕೈ ನಿಮ್ದು, ಮುಖ ಅವರ್ದು. ಅಷ್ಟೇ ವಿಷಯ. ದುಡ್ಡು ತಗೊಂಡಿಲ್ಲ ಅಂದ್ರೆ ದಂಡ ಕಮ್ಮಿ ಆಗ್ಬಹುದು, ತಪ್ಪು ತಪ್ಪಲ್ಲ ಅಂತ ಆಗಲ್ಲ. ವೆಬ್‌ಸೈಟಿಗೆ ಹಾಕಿದ್ರಲ್ಲ, ಅಲ್ಲೇ ಸಿಕ್ಕಿಬಿದ್ದಿದ್ದು."

"ಬಕೆಟ್ ತೆಗೆದು ಮಡಕೆ ಇಟ್ರೆ? ಬಣ್ಣ ಬದಲಾಯಿಸಿದ್ರೆ?"

"ನೋಡಿದೋರು 'ಅರೆ, ಗುಡಾಣಿ' ಅಂದ್ರೆ ಅದು ಗುಡಾಣಿನೇ. ಮಡಕೆ ಇಡಿ, ಕಿರೀಟ ಇಡಿ." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಮನೇಲಿ ನಿಮ್ಮ ತಂದೆಯವ್ರಿಗೆ ಹೇಗೆ ನಡೀತಿದೆ ಈಗ? ಆ ಒಂದು ಸೆಟ್ ಇಟ್ಕೊಂಡಿದೀರಿ ತಾನೆ?"

ಕತ್ತರಿಸಿದೆ ಅಂದೆ.

"ಅದನ್ಯಾಕ್ರೀ ಕತ್ತರಿಸಿದ್ರಿ? ಒಬ್ಬ ರೋಗಿ ಹಾಸಿಗೆ ಪಕ್ಕದ ಚೀಟಿ ಕೇಳ್ಕೊಂಡು ಯಾರ್ರೀ ಬರ್ತಾರೆ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ದಾರಿಯುದ್ದಕ್ಕೂ ಟೀಚರ್ ನನ್ನ ಕೈ ಹಿಡಿದುಕೊಂಡಿದ್ದರು. ಅವರು ಕಂಪನಿಗೆ ಒಂದು ಮನವಿ ಬರೆಯುತ್ತಾರಂತೆ. ಬರೆಯಲಿ.

20 ಮಾರ್ಚ್, ಗುರುವಾರ

ಹೊಸದು ಬರೆಯೋಣ ಅಂತ ಕೂತೆ. ಅಪ್ಪನಿಗೂ ಆಗಬೇಕು, ಕೇಂದ್ರದವರಿಗೂ ಆಗಬೇಕು. ಗುಡಾಣಿಯ ಬಕೆಟ್ಟು ತೆಗೆದೆ. ಬಣ್ಣ ತೆಗೆದೆ. ಕೊಂಬು ಮೂಡುವ ಜಾಗದ ಉಬ್ಬು ತೆಗೆದೆ. ಡೊಳ್ಳು ಹೊಟ್ಟೆ ಕರಗಿಸಿದೆ. ಒಂದೊಂದು ತೆಗೆದಾಗಲೂ ಅಪ್ಪನ ಮುಂದೆ ಹಿಡಿದೆ. ಬಕೆಟ್ಟು ಹೋದಾಗಲೇ ಅವರು ಕಣ್ಣು ಆಚೆ ಹಾಕಿದ್ದರು. ಕಾನೂನಿಗೆ ಗುರುತು ಸಿಗಬಾರದು, ಅಪ್ಪನಿಗೆ ಸಿಗಬೇಕು. ಇಂಥದೊಂದು ಕರುವನ್ನು ಯಾವ ಎಮ್ಮೆ ಹಾಕೀತು?

ಬಿಸ್ಕತ್ತಿನ ಪ್ಯಾಕೆಟ್ಟನ್ನು ಕೊಂಡುತಂದೆ. ದುಡ್ಡು ಕೊಟ್ಟು ತಂದದ್ದು, ಅದನ್ನು ಕತ್ತರಿಸಿ ತೋರಿಸಿದರೆ ಯಾರೂ ಕೇಳುವ ಹಾಗಿಲ್ಲವಲ್ಲ. ಆದರೆ ಪ್ಯಾಕೆಟ್ಟಿನ ಗುಡಾಣಿ ಎಲ್ಲ ಮಗ್ಗುಲಲ್ಲೂ ನಗುತ್ತಿದೆ. ಅದಕ್ಕೆ ಬಾಯಾರಿಕೆಯಿಲ್ಲ, ಚಳಿಯಿಲ್ಲ, ಹೊಟ್ಟೆನೋವಿಲ್ಲ. ಬಿಸ್ಕತ್ತು ತಿನ್ನುವುದೊಂದೇ ಅದಕ್ಕೆ ಗೊತ್ತು. ಇದನ್ನು ಮೂರು ವರ್ಷದಿಂದ ಹೊದಿಕೆಗೆ ಕೂರಿಸುತ್ತಿದ್ದೇನೆ, ಇವತ್ತೇ ಕಣ್ಣಿಗೆ ಬಿದ್ದದ್ದು.

2 ಏಪ್ರಿಲ್, ಬುಧವಾರ

ಹಾಳಾಗಿ ಹೋಗಲಿ ಎಂದು ಮೊದಲಿನ ಗುಡಾಣಿಯನ್ನೇ ಬರೆದೆ. ನೀಲಿ ಮೈ, ಹಳದಿ ಬಕೆಟ್ಟು, ಕೈಯಲ್ಲಿ ಲೋಟ. ಕಿಟಕಿಯ ಪರದೆ ಎಳೆದುಕೊಂಡು ಬರೆದೆ, ಕಳ್ಳನೋಟು ಅಚ್ಚುಹಾಕುವವರ ಹಾಗೆ. ಗುರುತು ಹಾಕಲಿಲ್ಲ.

ಅಪ್ಪ ಮುಟ್ಟಲಿಲ್ಲ. ಹತ್ತಿರ ಹಿಡಿದೆ, ಕಣ್ಣು ಮುಚ್ಚಿಕೊಂಡರು. ಟೀವಿಯಲ್ಲಿ ಗುಡಾಣಿ ಬಂದರೂ ಈಗ ಗೋಡೆಯ ಕಡೆ ಹೊರಳುತ್ತಾರೆ.

"ಅವನ ಕೈಯಿಂದ ಕಿತ್ಕೊಂಡಿದೀಯ. ಮತ್ತೆ ತಂದು ಇಟ್ರೆ ಮುಟ್ತಾನಾ? ಅವನ ಹಟ ನಿಂಗೊತ್ತಿಲ್ವಾ?" ಅಂದರು ಅತ್ತೆ.

ಗೊತ್ತು. ಮುಗಿದ ಮೂಟೆಯನ್ನು ಮತ್ತೆ ಕೂಗುವ ಹಾಗಿಲ್ಲ.

11 ಏಪ್ರಿಲ್, ಶುಕ್ರವಾರ

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಬೆಳಗಿನಿಂದ "ತಾ" ಅನ್ನುತ್ತಿದ್ದರು. ನೀರು ಕೊಟ್ಟೆ, ದಿಂಬು ಸರಿಮಾಡಿದೆ, ಫ್ಯಾನು ಹಾಕಿದೆ, ಆರಿಸಿದೆ. ಮಧ್ಯಾಹ್ನದ ಹೊತ್ತಿಗೆ ನನಗೂ ತಲೆ ಕೆಟ್ಟು, "ಏನು ಬೇಕು ಅಂತ ಹೇಳಬಾರ್ದಾ ಅಪ್ಪಾ!" ಎಂದು ಕಿರುಚಿಬಿಟ್ಟೆ. ಹೇಳಬಾರದಾ ಅಂತ. ಅವರಿಗೆ!

ಮೂತ್ರ ಕಟ್ಟಿಕೊಂಡು ಸೋಂಕು ರಕ್ತಕ್ಕೇರಿತ್ತು. ಹೊಟ್ಟೆ ಕಲ್ಲಾಗಿತ್ತು. ಡಾಕ್ಟರು ಕೇಳಿದರು, "ಇಷ್ಟು ನೋವಿದ್ರೂ ಅವರು ತೋರಿಸಲಿಲ್ವಾ?"

ತೋರಿಸಲು ಒಂದು ಚೀಟಿಯಿತ್ತು. ಕಾಲು ಮಡಚಿಕೊಂಡು ಹೊಟ್ಟೆ ಹಿಡಿದ ಎಮ್ಮೆಕರು. ಅದನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದವಳು ನಾನು. ಇನ್ಯಾವುದೋ ಊರಿನ ಅಜ್ಜ ಅದೇ ಚೀಟಿಯಿಂದ ಬದುಕಿದ.

13 ಏಪ್ರಿಲ್, ಭಾನುವಾರ

ಬರೆಯಲು ಏನೂ ಇಲ್ಲ.

24 ಏಪ್ರಿಲ್, ಗುರುವಾರ

ಮನೆಗೆ ಕರೆತಂದೆವು. ಅಪ್ಪ ಅರ್ಧ ಆಗಿದ್ದಾರೆ. ನುಂಗುವ ಶಕ್ತಿಯೂ ಕುಂದಿದೆ. ನೀರನ್ನು ಲೋಟದಲ್ಲಿ ಕೊಡುವ ಹಾಗಿಲ್ಲ, ಉಸಿರಿನ ಕೊಳವೆಗೆ ಇಳಿದೀತು. ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು. "ಜಾಸ್ತಿ ಆಸೆ ಇಟ್ಕೋಬೇಡಿ" ಅಂದರು ಡಾಕ್ಟರು. ಇಟ್ಟುಕೊಂಡವರು ಯಾರು?

ಕೆಲಸಕ್ಕೆ ರಜೆ ಹಾಕಿದ್ದೇನೆ. ಯಜಮಾನರು ಹೂಂ ಅಂದರು, ಮುಖ ನೋಡಲಿಲ್ಲ. ಇಡೀ ದಿನ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಪೆನ್ಸಿಲು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಟೀವಿಯನ್ನು ಒಳಕೋಣೆಗೆ ಹಾಕಿದ್ದಾಯಿತು. ನೋಡಲು ಬೇರೇನೂ ಇಲ್ಲ, ಅಪ್ಪನ ಮುಖ ಬಿಟ್ಟರೆ.

30 ಏಪ್ರಿಲ್, ಬುಧವಾರ

ಬೆಳಿಗ್ಗೆ ಅಪ್ಪ ಕಿಟಕಿ ಹಾಕು ಅಂದರು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ಎಡಗಾಲು ಮರಗಟ್ಟಿದೆ ಅಂದರು, ತಿಕ್ಕಿದೆ. ಅತ್ತೆ ಬಂದು ಪಕ್ಕದ ಮನೆಯವರ ಪುರಾಣ ತೆಗೆದರು. "ಅತ್ತೆ, ಸ್ವಲ್ಪ ಸುಮ್ನಿರಿ, ಅಪ್ಪನಿಗೆ ತಲೆ ಸಿಡೀತಿದೆಯಂತೆ" ಅಂದೆ.

"ಯಾವಾಗ ಹೇಳಿದ? ನಾನಿಲ್ಲೇ ಇದೀನಲ್ಲ, ಒಂದು 'ತಾ' ಕೂಡ ನಂಗೆ ಕೇಳಿಸ್ಲಿಲ್ಲ," ಅಂತ ಅತ್ತೆ ನನ್ನನ್ನೇ ನೋಡಿದರು.

ಅವರಿಗೆ ತಮ್ಮ ಮಾತೇ ಕೇಳಿಸುವುದು, ಬೇರೆಯವರದು ಎಲ್ಲಿ ಕೇಳಿಸಬೇಕು. ಅದಿರಲಿ. ಅಪ್ಪನಿಗೆ ಬೆನ್ನಿನಲ್ಲಿ ಹುಣ್ಣಾಗುತ್ತಿದೆ. ನನ್ನಿಂದ ಏನೂ ಆಗುತ್ತಿಲ್ಲ. ಆಡಲು ಒಂದು ಬಾಯಿ ಮಾಡಿಕೊಟ್ಟು ಅದನ್ನೂ ಕಿತ್ತುಕೊಂಡೆ. ಈಗ ಸುಮ್ಮನೆ ಕೂತು ಕಾಯುವುದು.

3 ಮೇ, ಶನಿವಾರ

ಟೀಚರ್ ಬಂದಿದ್ದರು. ಟೈಲರಮ್ಮ ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದ್ದಾರಂತೆ. ಮನೆಗೆ ಹೋಗಿ ನೋಡಿದರೆ ಗೋಡೆಯ ಕಡೆ ಮುಖಮಾಡಿ ಕೂತಿದ್ದರಂತೆ, ಸೊಸೆ ಹೊರಗೆ ಬಟ್ಟೆ ಒಣಹಾಕುತ್ತಿದ್ದಳಂತೆ. ಟೀಚರ್ ಕರೆದರೂ ಟೈಲರಮ್ಮ ತಿರುಗಲಿಲ್ಲವಂತೆ.

ಮನವಿಗೆ ಕಂಪನಿಯಿಂದ ಉತ್ತರ ಬಂದಿದೆ. ಸಹಾನುಭೂತಿ ಇದೆ, ಆದರೆ ಗುಡಾಣಿಯನ್ನು ನೋವಿನಲ್ಲಿ, ಕಕ್ಕಸಿನಲ್ಲಿ ತೋರಿಸುವುದಕ್ಕೆ ಒಪ್ಪಿಗೆ ಕೊಡಲಾಗದು, ಅದು ಸಂತೋಷದ ಪಾತ್ರ. ಬದಲಿಗೆ ಕೇಂದ್ರಕ್ಕೆ ಮತ್ತು ನನ್ನ ತಂದೆಗೆ ಒಂದೊಂದು ಪೋಸ್ಟರು ಉಡುಗೊರೆ. ಕಿವಿಯಿಂದ ಕಿವಿಯವರೆಗೆ ಹಲ್ಲು ಕಿರಿದಿರುವ ಗುಡಾಣಿ, ಮೇಲೆ "ಬೇಗ ಹುಷಾರಾಗಿ!" ಎಂದು. ಕೆಳಗೆ ಇರುವೆಯಂಥ ಅಕ್ಷರದಲ್ಲಿ, ನಕಲು ಮಾಡತಕ್ಕದ್ದಲ್ಲ.

"ಬಂದಿದ್ದು ಬಂತು, ಗೋಡೆಗಾದ್ರೂ ಲಕ್ಷಣ," ಅಂತ ಅತ್ತೆ ಅಪ್ಪನ ಹಾಸಿಗೆಯ ಪಕ್ಕದ ಗೋಡೆಗೆ, ಕೈಗೆಟಕುವ ಎತ್ತರದಲ್ಲಿ ಅಂಟಿಸಿದರು. ಅಪ್ಪ ತುಂಬ ಹೊತ್ತು ನೋಡಿದರು. ಪೆನ್ಸಿಲು ಕೊಡು ಅಂದರು. ಕೊಟ್ಟೆ. ಎಡಗೈಯಲ್ಲಿ ಹಿಡಿದರು. ಗುಡಾಣಿಯ ಹೊಟ್ಟೆಯ ಮೇಲೆ ಒಂದು ಸೊಟ್ಟ ಸೊನ್ನೆ ಎಳೆದರು. ಸುಧಾರಿಸಿಕೊಂಡು, ಅದರೊಳಗೆ ಅಡ್ಡಗೀಟು.

ಕೊಳೆತ ಸರಕು.

ನನಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೂ. ಅವರ ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ, ಎತ್ತಿ ಕೂರಿಸಿ ಬೆನ್ನು ತಟ್ಟಿದೆ. ಟೀಚರ್ ಬಾಗಿಲ ಕಡೆ ತಿರುಗಿ ಮೂಗೊರೆಸಿಕೊಂಡರು. ಅವರಿಗೆ ಸೊನ್ನೆಯ ಅರ್ಥ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

8 ಮೇ, ಗುರುವಾರ

ಜ್ವರ. ಎದೆಯಲ್ಲಿ ಗೊರಗೊರ. ಡಾಕ್ಟರು ಮನೆಗೇ ಬಂದು ನೋಡಿದರು. ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬಹುದು, ಅದರಿಂದ ಬಹಳ ವ್ಯತ್ಯಾಸವೇನೂ ಆಗದು, ನೀವೇ ಯೋಚನೆ ಮಾಡಿ ಅಂದರು.

ಅಪ್ಪ ಬೇಡ ಅಂದರು. ನಾನೂ ಬೇಡ ಅಂದೆ. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. "ಅವನನ್ನ ಒಂದು ಮಾತು ಕೇಳೇ," ಅಂದರು. ಕೇಳಿದೆನಲ್ಲ ಅತ್ತೆ, ಈಗ ತಾನೆ ಹೇಳಿದರಲ್ಲ ಅಂದೆ.

11 ಮೇ, ಭಾನುವಾರ

ಇವತ್ತು ಹೆಚ್ಚು ಹೊತ್ತು ನಿದ್ದೆಯೇ. ಒಂದು ಸಲ ಎಚ್ಚರಾಗಿ ಮಂಡಿಯವರು ಬಂದಿದ್ದರಾ ಅಂತ ಕೇಳಿದರು. ಬಂದಿದ್ದರು, ನೀವು ಮಲಗಿದ್ದಿರಿ ಅಂದೆ. ಸುಳ್ಳು. ಅವರಿಗೂ ಗೊತ್ತು.

ಮಧ್ಯಾಹ್ನ ನೀರು ಕೇಳಿದರು. ಚಮಚದಲ್ಲಿ ಕೊಟ್ಟೆ. ಇನ್ನೊಂದು ಅಂದರು. ಕೊಟ್ಟೆ. ಆಮೇಲೆ ನನ್ನ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು, ಸಾಕು ಅಂದರು.